ಉಳಿದ ದುಡ್ಡು ಎಲ್ಲಿ?

ಜೂನ್ ತಿಂಗಳ ಮೊದಲ ಭಾನುವಾರ. ನಾನೂ ನನ್ನ ಶ್ರೀಮತಿಯೂ ಪೇಟೆಯ ದೊಡ್ಡ ಮಳಿಗೆಯೊಂದರಿಂದ ತಿಂಗಳ ದಿನಸಿ ತಂದು ನಡುಮನೆಯಲ್ಲಿ ಚೀಲ ಇಳಿಸಿದೆವು. ಇಬ್ಬರ ಮುಖದಲ್ಲೂ ಏನೋ ಗೆದ್ದು ಬಂದ ಕಳೆ. ಕಾರಣ, ಬಿಲ್ಲಿನ ಕೊನೆಯ ಸಾಲು. ಅಲ್ಲಿ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಇಂದು ನೀವು ಉಳಿಸಿದ ಹಣ ರೂ. 742.' ದಿನಪತ್ರಿಕೆಯೊಳಗೆ ಬಂದ ಕರಪತ್ರಗಳಿಂದ ಕತ್ತರಿಸಿದ್ದು, ಮಳಿಗೆಯವರೇ ಹಿಂದಿನ ಸಲ ಕೈಗಿತ್ತದ್ದು, ಫೋನಿಗೆ ಬಂದದ್ದು, ಹೀಗೆ ಎರಡು ವಾರ ಕೂಡಿಟ್ಟ ಕೂಪನ್‌ಗಳ ಫಲ ಅದು.

ಪಿ.ಯು.ಸಿ. ಓದುತ್ತಿರುವ ಮಗಳು ಬಿಲ್ಲನ್ನು ಕೈಗೆತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದಳು. ಆಮೇಲೆ ತಲೆ ಎತ್ತಿ, 'ಅಪ್ಪಾ, ಉಳಿದ ದುಡ್ಡು ಎಲ್ಲಿ?' ಎಂದಳು.

ತಮಾಷೆಗೆ ಕೇಳಿದ್ದಲ್ಲ. ಕಾಲೇಜಿಗೆ ಹೋಗಿಬರುವ ಖರ್ಚಿಗೆ ಅವಳಿಗೆ ಹಣ ಬೇಕಿತ್ತು. ನಾನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಶ್ರೀಮತಿ ಪರ್ಸು ತೆರೆದಳು. ಎರಡರಲ್ಲೂ 742 ರೂಪಾಯಿ ಇರಲಿಲ್ಲ.

ಮೂವತ್ತು ವರ್ಷದಿಂದ ಮಕ್ಕಳಿಗೆ ಶಕ್ತಿ ಸಂರಕ್ಷಣೆಯ ನಿಯಮ ಹೇಳಿಕೊಡುತ್ತಿರುವವನು ನಾನು. ಶಕ್ತಿ ಇಲ್ಲದಲ್ಲಿಂದ ಹುಟ್ಟುವುದಿಲ್ಲ, ಇದ್ದದ್ದು ಮಾಯವಾಗುವುದೂ ಇಲ್ಲ. ರೂಪ ಬದಲಾಯಿಸುತ್ತದೆ, ಅಷ್ಟೆ. ದುಡ್ಡಿಗೂ ಅದೇ ನಿಯಮ ಎಂದುಕೊಂಡರೆ 742 ರೂಪಾಯಿ ಎಲ್ಲಾದರೂ ಇರಲೇಬೇಕಲ್ಲ! ಆ ರಾತ್ರಿ ಹಳೆಯ ಲೆಕ್ಕದ ಪುಸ್ತಕ ತೆಗೆದೆ. ನಮ್ಮ ಮೂವರ ಸಂಸಾರಕ್ಕೆ ತಿಂಗಳ ದಿನಸಿ ಸುಮಾರು 5,200 ರೂಪಾಯಿ. ಈ ಸಲದ ಬಿಲ್ಲು, ಕೂಪನ್ ಕಡಿತವೆಲ್ಲ ಕಳೆದು, 5,860. ಎಂದರೆ 742 ರೂಪಾಯಿ 'ಉಳಿಸಿ' ನಾವು 660 ರೂಪಾಯಿ ಹೆಚ್ಚು ಖರ್ಚು ಮಾಡಿದ್ದೆವು. ಆ ಹಣ ನೂಡಲ್ಸ್ ಪೊಟ್ಟಣಗಳಾಗಿ, ನೆಲ ಒರೆಸುವ ದ್ರಾವಣದ ಎರಡು ಬಾಟಲಿಗಳಾಗಿ, ಯಾರೂ ಕೇಳದಿದ್ದ ಕಾರ್ನ್‌ಫ್ಲೇಕ್ಸ್ ಡಬ್ಬವಾಗಿ ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಕೂತಿತ್ತು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಕಥೆ!

ಹಾಗಾದರೆ ಕೂಪನ್ ಎಂಬುದೇ ಮೋಸವೇ? ನಾನೂ ಹಾಗೇ ತೀರ್ಪು ಕೊಟ್ಟುಬಿಡುವವನಿದ್ದೆ. ನನ್ನ ತರಗತಿಯ ಇಬ್ಬರು ಮಕ್ಕಳು ಅದನ್ನು ತಡೆದರು. ಅವರ ಕಥೆಗೆ ಬರುವ ಮೊದಲು, ಈ ಕಾಗದದ ಚೂರಿನ ಪೂರ್ವಾಪರ ಸ್ವಲ್ಪ ತಿಳಿಯೋಣ.

ಕತ್ತರಿಯ ಕಥೆ

ಫ್ರೆಂಚ್ ಭಾಷೆಯಲ್ಲಿ 'ಕುಪೆ' ಎಂದರೆ ಕತ್ತರಿಸು. ಕತ್ತರಿಸಿ ಕೊಡುವ ಚೀಟಿ ಕೂಪನ್. ಮಾಲು ಮಾರಲು ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲಿಗರಲ್ಲಿ ಕೋಕಾ-ಕೋಲಾದವರು ಒಬ್ಬರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಅವರು ಒಂದು ಲೋಟ ಪಾನೀಯಕ್ಕೆ ಪುಕ್ಕಟೆ ಚೀಟಿ ಹಂಚಿದರು. ಒಂದು ಲೋಟ ಕುಡಿದವನು ಎರಡನೆಯದಕ್ಕೆ ಕಾಸು ಕೊಟ್ಟು ಬರುತ್ತಾನೆ ಎಂಬುದು ಲೆಕ್ಕಾಚಾರ. ಅದು ಸುಳ್ಳಾಗಲಿಲ್ಲ.

ನಮ್ಮ ಮಗ್ಗುಲಲ್ಲೇ ಇದಕ್ಕಿಂತ ಸೊಗಸಾದ ಉದಾಹರಣೆಯಿದೆ. ತಮಿಳುನಾಡಿನ ಕಡಲೂರಿನವರಾದ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಿಂದ 'ಚಿಕ್' ಶ್ಯಾಂಪೂ ತಯಾರಿಕೆ ಶುರುಮಾಡಿದರು. ಮಾರಿದ್ದು ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ. ಆಮೇಲೆ ಅವರೊಂದು ಯೋಜನೆ ತಂದರು. ಯಾವ ಕಂಪನಿಯದಾದರೂ ಸರಿ, ಐದು ಖಾಲಿ ಶ್ಯಾಂಪೂ ಪೊಟ್ಟಣ ತಂದುಕೊಟ್ಟರೆ ಒಂದು ಚಿಕ್ ಪೊಟ್ಟಣ ಪುಕ್ಕಟೆ! ಜನ ಮುಗಿಬಿದ್ದರು. ಸ್ವಲ್ಪ ಕಾಲದ ನಂತರ ನಿಯಮ ಬದಲಾಯಿತು. ಖಾಲಿ ಪೊಟ್ಟಣಗಳು ಚಿಕ್‌ನವೇ ಆಗಿರಬೇಕು. ಅಷ್ಟರಲ್ಲಿ ಕೈಗೆ ಅದರ ರೂಢಿ ಹತ್ತಿತ್ತು, ಅಂಗಡಿಯವನು ಅದನ್ನೇ ಮುಂದಿಡತೊಡಗಿದ್ದ. ಖಾಲಿ ಪೊಟ್ಟಣವೇ ಇಲ್ಲಿ ಕೂಪನ್. ಅದರ ಕೆಲಸ ಎರಡು: ಮೊದಲು ಹಳೆಯ ರೂಢಿ ಬಿಡಿಸುವುದು, ಆಮೇಲೆ ಹೊಸ ರೂಢಿ ಕಟ್ಟುವುದು.

ಪೋಷಕರಾದ ನಿಮ್ಮಲ್ಲಿ ಅನೇಕರಿಗೆ 1999 ನೆನಪಿರಬಹುದು. ಇಂಗ್ಲೆಂಡಿನಲ್ಲಿ ವಿಶ್ವಕಪ್ ಕ್ರಿಕೆಟ್ ನಡೆದ ವರ್ಷ. ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಯ ಮೇಲೆ ರನ್ನುಗಳು ಅಚ್ಚಾಗಿರುತ್ತಿದ್ದವು. ಕೂಡಿಸಿ ಕೊಟ್ಟರೆ ಪುಸ್ತಕ. ಅದೃಷ್ಟವಿದ್ದರೆ ಇಂಗ್ಲೆಂಡಿಗೇ ಪ್ರಯಾಣ. ಆಗ ನಾನು ಹೊಸ ಮೇಷ್ಟ್ರು. ಮಕ್ಕಳು ರಸ್ತೆಯ ಮೇಲೆ ಬಿದ್ದ ಬಿಸ್ಕತ್ತಿನ ಕಾಗದ ಆರಿಸಿಕೊಂಡು ತರಗತಿಗೆ ಬರುತ್ತಿದ್ದರು. ನನ್ನ ಕಂಪಾಸು ಡಬ್ಬಿಯಲ್ಲೂ ಎರಡು ಕಾಗದ ಇದ್ದವು ಎಂಬುದನ್ನು ಈಗ ಒಪ್ಪಿಕೊಂಡರೆ ತಪ್ಪಿಲ್ಲ.

ಒಂದು ಪ್ರಶ್ನೆ. ಬೆಲೆ ಇಳಿಸುವ ಮನಸ್ಸಿದ್ದರೆ ಕಂಪನಿ ಎಲ್ಲರಿಗೂ ಇಳಿಸಬಹುದಲ್ಲ, ಈ ಕತ್ತರಿ, ಕಾಗದ, ಕೊನೆಯ ದಿನಾಂಕ ಎಲ್ಲ ಯಾಕೆ? ಉತ್ತರ ಸರಳ. ಕೊಳ್ಳುವವರಲ್ಲಿ ಎರಡು ಬಗೆ. ಬೆಲೆ ಎಷ್ಟಾದರೂ ಕೊಳ್ಳುವವರು ಒಂದು, ಇಳಿದರೆ ಮಾತ್ರ ಕೊಳ್ಳುವವರು ಇನ್ನೊಂದು. ಎಲ್ಲರಿಗೂ ಇಳಿಸಿದರೆ ಮೊದಲಿನವರಿಂದ ಬರುವ ಲಾಭ ಹೋಗುತ್ತದೆ. ಕೂಪನ್ ಒಂದು ಜರಡಿ. ಕತ್ತರಿಸಿ, ಕಾಪಾಡಿ, ಮರೆಯದೆ ತರುವ ಶ್ರಮ ಪಡುವವರಿಗೆ ಮಾತ್ರ ಕಡಿಮೆ ಬೆಲೆ. ಉಳಿದವರಿಗೆ ಪೂರ್ತಿ ಬೆಲೆ. ಆದ್ದರಿಂದ ಕೂಪನ್ ದಾನವೂ ಅಲ್ಲ, ವಂಚನೆಯೂ ಅಲ್ಲ. ಅದು ವ್ಯಾಪಾರಿ ನಮ್ಮ ಮುಂದಿಡುವ ಒಂದು ಪ್ರಸ್ತಾಪ. ಒಪ್ಪುವುದು ಬಿಡುವುದು ನಮ್ಮ ಲೆಕ್ಕಕ್ಕೆ ಬಿಟ್ಟದ್ದು.

ಇದರ ಜೊತೆ ಇನ್ನೊಂದು ಜಾತಿಯ ಕೂಪನ್ ಇದೆ, ಅದನ್ನು ಇದರೊಡನೆ ಬೆರೆಸಬಾರದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರತಿ ಮನೆಗೂ ಪಡಿತರ ಪುಸ್ತಕ ಇತ್ತು. 1940ರಲ್ಲಿ ಶುರುವಾದ ಆಹಾರ ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಅಲ್ಲಿ ಕೂಪನ್ ಇಲ್ಲದೆ ಬೆಣ್ಣೆಯಿಲ್ಲ, ಸಕ್ಕರೆಯಿಲ್ಲ. ಶ್ರೀಮಂತನಿಗೂ ಅಷ್ಟೇ, ಬಡವನಿಗೂ ಅಷ್ಟೇ. ನಮ್ಮಲ್ಲೂ ಸಕ್ಕರೆ, ಸೀಮೆಎಣ್ಣೆಗೆ ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತ ತಲೆಮಾರು ನನ್ನದು. 2013ರ ಜುಲೈನಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಬಂತು. 2016ರಲ್ಲಿ ಪಡಿತರ ಪಡೆಯಲು ಕೂಪನ್ ಪದ್ಧತಿಯನ್ನೂ ತಂದರು, ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಈ ಜಾತಿಯ ಕೂಪನ್ ಹಕ್ಕಿನ ಚೀಟಿ. ಅದನ್ನು ಬಿಟ್ಟರೆ ನಷ್ಟ ನಮಗೆ. ಮಳಿಗೆಯ ಕೂಪನ್ ಆಸೆಯ ಚೀಟಿ. ಅದನ್ನು ಬಿಟ್ಟರೆ ನಷ್ಟವೇನೂ ಇಲ್ಲ ಎಂಬುದನ್ನು ಮರೆಸುವುದೇ ಅದರ ಜಾಣತನ.

ತರಗತಿಯಲ್ಲಿ ಅಂಗಡಿ

ಮಗಳ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಶನಿವಾರ ಹೇಳಿದೆ: 'ಮನೆಯಲ್ಲಿರುವ ಖಾಲಿ ಹೊದಿಕೆ, ಡಬ್ಬ, ಕೂಪನ್ ಎಲ್ಲ ತನ್ನಿ. ಇವತ್ತು ಪಾಠಪುಸ್ತಕ ಬೇಡ.' ಮೇಜಿನ ಮೇಲೆ ಒಂದು ಅಂಗಡಿಯೇ ಆಯಿತು.

ಮೊದಲ ಲೆಕ್ಕ ಟೀ ಪುಡಿಯದು. 250 ಗ್ರಾಂ ಪೊಟ್ಟಣಕ್ಕೆ 140 ರೂಪಾಯಿ, ಜೊತೆಗೆ 20 ರೂಪಾಯಿ ಕಡಿತದ ಕೂಪನ್. ಅದೇ ಟೀ ಪುಡಿಯ 500 ಗ್ರಾಂ ಪೊಟ್ಟಣಕ್ಕೆ 235, ಕೂಪನ್ ಇಲ್ಲ. ಯಾವುದು ಲಾಭ? ತರಗತಿಯ ಮುಕ್ಕಾಲು ಪಾಲು ಕೂಪನ್ ಕಡೆ ಕೈ ಎತ್ತಿತು. ಭಾಗಿಸಿ ನೋಡಿದರೆ ಕೂಪನ್ ಪೊಟ್ಟಣ ಗ್ರಾಂಗೆ 48 ಪೈಸೆ, ದೊಡ್ಡ ಪೊಟ್ಟಣ 47 ಪೈಸೆ. ಕೂಪನ್ ಇಲ್ಲದ್ದೇ ಅಗ್ಗ!

'ಹಾಗಾದರೆ ದೊಡ್ಡದು ಯಾವಾಗಲೂ ಅಗ್ಗ' ಎಂದು ಒಬ್ಬ ಸಿದ್ಧಾಂತ ಮಂಡಿಸಿದ. ವಿಜ್ಞಾನದಲ್ಲಿ ಒಂದು ಪ್ರಯೋಗದಿಂದ ನಿಯಮ ಮಾಡಬಾರದಲ್ಲ. ಶ್ಯಾಂಪೂ ತೆಗೆದುಕೊಂಡೆವು. 180 ಮಿ.ಲೀ. ಬಾಟಲಿಗೆ 150 ರೂಪಾಯಿ. 30 ರೂಪಾಯಿ ಕೂಪನ್ ಕಳೆದರೆ 120, ಎಂದರೆ ಮಿ.ಲೀ.ಗೆ 67 ಪೈಸೆ. ಎರಡು ರೂಪಾಯಿಯ 6 ಮಿ.ಲೀ. ಪೊಟ್ಟಣ ಮಿ.ಲೀ.ಗೆ 33 ಪೈಸೆ. ಅರ್ಧಕ್ಕರ್ಧ! ಸಿದ್ಧಾಂತ ಅಲ್ಲೇ ಬಿದ್ದುಹೋಯಿತು. ಆ ಪುಟ್ಟ ಪೊಟ್ಟಣಗಳು ಚರಂಡಿ ಸೇರಿದರೆ ಊರಿಗಾಗುವ ನಷ್ಟದ ಲೆಕ್ಕ ಬೇರೆ, ಅದನ್ನೂ ಹೇಳಿದೆ.

ಆಮೇಲೆ ಬೋರ್ಡಿನ ಮೇಲೆ ಮಳಿಗೆಯ ಭಾಷೆಯನ್ನು ಗಣಿತದ ಭಾಷೆಗೆ ಇಳಿಸಿದೆವು. 'ಒಂದು ಕೊಂಡರೆ ಒಂದು ಉಚಿತ' ಎಂದರೆ ಶೇಕಡ 50 ಕಡಿತ. 'ಎರಡು ಕೊಂಡರೆ ಒಂದು ಉಚಿತ' ಎಂದರೆ ಶೇಕಡ 33. 'ಎರಡನೆಯದಕ್ಕೆ ಅರ್ಧ ಬೆಲೆ' ಎಂದರೆ ಶೇಕಡ 25 ಮಾತ್ರ. 'ಶೇಕಡ 25 ಹೆಚ್ಚು ಮಾಲು' ಎಂದರೆ 25 ಅಲ್ಲ, ಶೇಕಡ 20 ಕಡಿತಕ್ಕೆ ಸಮ. 'ಶೇಕಡ 20ರ ಮೇಲೆ ಮತ್ತೆ 10' ಎಂದರೆ 30 ಅಲ್ಲ, 28. ಶೇಕಡಾ ಲೆಕ್ಕ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದ ಮಕ್ಕಳ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು.

ಒಂದು ಹುಡುಗಿ ಹಾಲಿನ ಲೆಕ್ಕ ಎತ್ತಿದಳು. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಒಂದು ಲೀಟರಿನ ನೀಲಿ ಪೊಟ್ಟಣಕ್ಕೆ 50 ಮಿ.ಲೀ. ಹೆಚ್ಚಿಗೆ ತುಂಬಿ ಬೆಲೆಯನ್ನು 42ರಿಂದ 44 ರೂಪಾಯಿಗೆ ಏರಿಸಿದ್ದರು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ತೆಗೆದು ಲೀಟರಿಗೆ 46 ಮಾಡಿದರು. ಪೊಟ್ಟಣದ ಮೇಲಿನ ಅಂಕಿ ನೋಡಿದರೆ ಏರಿದ್ದು ಎರಡೇ ರೂಪಾಯಿ. ಆದರೆ 1050 ಮಿ.ಲೀ.ಗೆ 44 ಎಂದರೆ ಲೀಟರಿಗೆ 41 ರೂಪಾಯಿ 90 ಪೈಸೆ. ಹಾಗಾಗಿ ನಿಜವಾದ ಏರಿಕೆ ನಾಲ್ಕು ರೂಪಾಯಿಗೆ ಸ್ವಲ್ಪ ಮೇಲೆ. ಇದರಲ್ಲಿ ಮುಚ್ಚುಮರೆ ಇರಲಿಲ್ಲ. ನಾಲ್ಕು ರೂಪಾಯಿ ಏರಿಕೆ ಎಂದೇ ಪ್ರಕಟಿಸಿದ್ದರು, ಹೈನುಗಾರ ರೈತರಿಗಾಗಿ ಎಂದೂ ಹೇಳಿದ್ದರು. ನಾನು ಮಕ್ಕಳಿಗೆ ತೋರಿಸಬೇಕಿದ್ದದ್ದು ಇಷ್ಟೆ: ಬೆಲೆಯ ಅಂಕಿ ಒಂದನ್ನೇ ನೋಡುವ ಕಣ್ಣು ಅರ್ಧ ಕುರುಡು. ಪಕ್ಕದಲ್ಲಿ ತೂಕವನ್ನೂ ಇಟ್ಟು ನೋಡಬೇಕು.

ಈ ಭಾಗಾಕಾರವನ್ನು ಅಂಗಡಿಯಲ್ಲಿ ನಿಂತು ಮಾಡುವ ಕಷ್ಟವೂ ಈಗ ಕಡಿಮೆಯಾಗಿದೆ. ನಾವು ಚಿಕ್ಕವರಿದ್ದಾಗ ಪೊಟ್ಟಣದ ಮೇಲೆ 'ಸ್ಥಳೀಯ ತೆರಿಗೆ ಪ್ರತ್ಯೇಕ' ಎಂದಿರುತ್ತಿತ್ತು. ಅಂಗಡಿಯವನು ಹೇಳಿದ್ದೇ ತೆರಿಗೆ. ಆಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಬಂತು. ಪೊಟ್ಟಣ ಮಾಲುಗಳ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗ್ರಾಂಗೆ, ಕಿಲೋಗೆ ಅಥವಾ ಮಿ.ಲೀ.ಗೆ ಎಷ್ಟು ಎಂಬ ಘಟಕ ಬೆಲೆಯನ್ನೂ ಅಚ್ಚು ಮಾಡಬೇಕು. ಬೆಲೆಯ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡಕ ಹಾಕಿಕೊಂಡಾದರೂ ಹುಡುಕಿ.

ತಗಡಿನ ಡಬ್ಬಿ

ಇನ್ನು ಆ ಇಬ್ಬರು ಮಕ್ಕಳ ವಿಷಯ.

ಒಬ್ಬಳು ಹುಡುಗಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ತಂದಿದ್ದಳು. ಅದರೊಳಗೆ ಅವಳ ತಾಯಿ ಕೂಡಿಟ್ಟ ಕೂಪನ್‌ಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಮೂರು ಕಟ್ಟು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ಓದಿದ್ದು ಏಳನೇ ತರಗತಿ. ನಾನು ಮನಸ್ಸಿನಲ್ಲೇ, ಪಾಪ, ಇವರೂ ನಮ್ಮ ಹಾಗೆಯೇ ಮೋಸಹೋಗಿದ್ದಾರೆ ಎಂದುಕೊಂಡೆ. ಡಬ್ಬಿಯ ತಳದಲ್ಲಿ ಒಂದು ನೋಟುಬುಕ್ಕು ಇತ್ತು. ತಿಂಗಳಿಗೊಂದು ಪುಟ. ಎಡಗಡೆ ಆ ತಿಂಗಳಿಗೆ ಬೇಕಾದ ಸಾಮಾನು, ಬಲಗಡೆ ಬೆಲೆ. ಕೂಪನ್ ಉಪಯೋಗಿಸಿದ್ದರ ಮುಂದೆ ಒಂದು ಚುಕ್ಕಿ. ಬಟ್ಟೆ ಸೋಪು, ಮೈ ಸೋಪು, ಟೂತ್‌ಪೇಸ್ಟು, ಅಡುಗೆ ಎಣ್ಣೆ; ಬೇರೆ ಯಾವುದರ ಮುಂದೆಯೂ ಚುಕ್ಕಿ ಇಲ್ಲ. ಪುಟದ ಕೊನೆಯಲ್ಲಿ ಒಂದು ಮೊತ್ತ: 180, 205, 165.

'ಇದೇನಮ್ಮಾ?' ಎಂದೆ.

'ಕೂಪನ್ನಲ್ಲಿ ಉಳಿದಿದ್ದು ಸಾರ್. ಅಂಗಡಿಯಿಂದ ಬಂದ ತಕ್ಷಣ ಅಮ್ಮ ಅಷ್ಟು ದುಡ್ಡು ತೆಗೆದು ಈ ಡಬ್ಬಿಗೆ ಹಾಕ್ತಾರೆ. ನನ್ನ ಬಸ್ಸಿನ ಪಾಸು ಇದರಲ್ಲೇ.'

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಆ ತಗಡಿನ ಡಬ್ಬಿಯಲ್ಲಿತ್ತು. ಆ ತಾಯಿ ಪಟ್ಟಿ ಮೊದಲು ಬರೆದು ಆಮೇಲೆ ಕೂಪನ್ ಹುಡುಕುತ್ತಾರೆ. ಬಿ.ಎಸ್ಸಿ., ಬಿ.ಎಡ್. ಆದ ನಾನು ಕೂಪನ್ ಮುಂದಿಟ್ಟುಕೊಂಡು ಪಟ್ಟಿ ಬರೆದಿದ್ದೆ. ಅವರು ಉಳಿದ ಹಣವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ನಾನು ಬಿಲ್ಲಿನಲ್ಲಿ ಓದಿ ಖುಷಿಪಟ್ಟಿದ್ದೆ.

ಅವರ ಚುಕ್ಕಿಗಳಲ್ಲಿ ವಿಜ್ಞಾನವೂ ಇದೆ ಎಂಬುದು ಆಮೇಲೆ ಹೊಳೆಯಿತು. ಸೋಪು, ಟೂತ್‌ಪೇಸ್ಟು ಬೇಗ ಕೆಡುವುದಿಲ್ಲ. ಕೂಪನ್ ಸಿಕ್ಕಾಗ ಎರಡು ತಿಂಗಳಿಗಾಗುವಷ್ಟು ಕೊಂಡರೂ ನಷ್ಟವಿಲ್ಲ. ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ, ಬೆಳಕು, ಶಾಖ ಮೂರೂ ಸೇರಿ ಅದನ್ನು ಉತ್ಕರ್ಷಣಕ್ಕೆ ಒಳಪಡಿಸುತ್ತವೆ, ಕಮಟು ವಾಸನೆ ಬರುತ್ತದೆ. ಆದ್ದರಿಂದ ಅವರು ಎಣ್ಣೆಗೆ ಕೂಪನ್ ಬಳಸಿದರೂ ಒಂದು ತಿಂಗಳಿಗಾಗುವಷ್ಟೇ ತಂದಿದ್ದರು. ಹಿಟ್ಟು, ರವೆ ಮಳೆಗಾಲದ ತೇವಕ್ಕೆ ಹುಳು ಬೀಳುತ್ತವೆ. 'ಎರಡು ಕೊಂಡರೆ ಒಂದು ಉಚಿತ' ಎಂದು ನಾವು ತಂದ ಮೂರು ಕಿಲೋ ರವೆಯಲ್ಲಿ ಮೂರನೆಯದು ಆಗಸ್ಟ್ ಹೊತ್ತಿಗೆ ಬಲೆ ಕಟ್ಟಿತ್ತು. ಉಚಿತವಾಗಿ ಬಂದದ್ದು ಉಚಿತವಾಗಿ ತಿಪ್ಪೆಗೆ ಹೋಯಿತು. ನಮ್ಮ ಸೀಮೆಯ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. ವರ್ಷಗಟ್ಟಲೆ ಕೂಡಿಡಲು ಅವರು ಆರಿಸಿದ್ದು ಇಡೀ ರಾಗಿ ಕಾಳು, ಇಟ್ಟದ್ದು ನೆಲದೊಳಗಿನ ಹಗೇವಿನಲ್ಲಿ. ಪುಟ್ಟ ಗಟ್ಟಿ ಕಾಳಿಗೆ ಹುಳುವಿನ ಕಾಟ ಕಡಿಮೆ. ಅದನ್ನೇ ಹಿಟ್ಟು ಮಾಡಿ ಇಡಲು ಅವರೆಂದೂ ಹೋಗಲಿಲ್ಲ. ಬೇಕಾದಾಗ ಬೇಕಾದಷ್ಟೇ ಬೀಸಿಕೊಂಡರು.

ಕೂಪನ್ ಇಲ್ಲದ ಅಂಗಡಿ

ಎರಡನೆಯವನು ಹಿಂದಿನ ಬೆಂಚಿನ ಹುಡುಗ. ಎಲ್ಲರೂ ಲೆಕ್ಕ ಮಾಡಿ ನಗುತ್ತಿದ್ದಾಗ ಅವನು ಎದ್ದು ನಿಂತ. 'ಸಾರ್, ನಮ್ಮ ಅಂಗಡೀಲಿ ಕೂಪನ್ ಕೊಡಲ್ಲ. ಎಲ್ಲಾರೂ ಕೂಪನ್ ಇರೋ ಕಡೆ ಹೋದ್ರೆ ನಾವೇನು ಮಾಡ್ಬೇಕು?'

ಅವರದು ಇಲ್ಲೇ ಶೆಟ್ಟಿಹಳ್ಳಿಯಲ್ಲಿ, ರೈಲ್ವೆ ಅಂಡರ್‌ಪಾಸಿನ ಕಡೆಗೆ ಹೋಗುವ ದಾರಿಯಲ್ಲಿ, ಹತ್ತಡಿ ಅಗಲದ ದಿನಸಿ ಅಂಗಡಿ. ಅವನು ಕೇಳಿದ್ದು ತರಗತಿಗೆ. ತಾಗಿದ್ದು ನನಗೆ.

ಯಾಕೆಂದರೆ 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ, ಅನುದಾನವಿಲ್ಲದ ಶಾಲೆಯ ಮೇಷ್ಟ್ರಾದ ನನಗೆ ಕೆಲವು ತಿಂಗಳು ಸಂಬಳ ಅರ್ಧವೂ ಬರಲಿಲ್ಲ. ಆಗ ಇದೇ ಹುಡುಗನ ತಂದೆ ನಮಗೆ ನಾಲ್ಕು ತಿಂಗಳು ಅಕ್ಕಿ, ಬೇಳೆ, ಎಣ್ಣೆ ಉದ್ರಿ ಕೊಟ್ಟವರು. 'ಬರೆದುಕೊಳ್ಳಿ' ಎಂದು ನಾನು ತಲೆತಗ್ಗಿಸಿ ಹೇಳಿದಾಗ, 'ತಗೊಂಡು ಹೋಗಿ ಮೇಷ್ಟ್ರೇ, ಮಕ್ಕಳು ಸ್ಕೂಲಿಗೆ ಬರೋ ಹಾಗಾದ್ರೆ ಎಲ್ಲಾ ಸರಿಹೋಗುತ್ತೆ' ಎಂದಿದ್ದರು. ಬಡ್ಡಿಯಿಲ್ಲ, ಕಾಗದವಿಲ್ಲ, ಕೊನೆಯ ದಿನಾಂಕವಿಲ್ಲ. ಒಟ್ಟು 11,400 ರೂಪಾಯಿ ತೀರಿಸಲು ನನಗೆ ವರ್ಷದ ಮೇಲೆ ಹಿಡಿಯಿತು. ಜೂನ್ ತಿಂಗಳ ಆ ಭಾನುವಾರ ಮಳಿಗೆಯ ಹೆಸರಿದ್ದ ಚೀಲಗಳನ್ನು ಸ್ಕೂಟರಿಗೆ ನೇತುಹಾಕಿಕೊಂಡು ನಾನು ಹಾದುಹೋದದ್ದು ಅವರ ಅಂಗಡಿಯ ಮುಂದೆಯೇ. ಅವರು ಎಂದಿನಂತೆ ಕೈ ಎತ್ತಿ ನಮಸ್ಕಾರ ಮಾಡಿದ್ದರು.

ಯಾವ ಬಿಲ್ಲಿನ ಕೊನೆಯ ಸಾಲಿನಲ್ಲೂ ಈ ಉಳಿತಾಯ ಅಚ್ಚಾಗುವುದಿಲ್ಲ.

ಹಾಗೆಂದು ಮಕ್ಕಳಿಗೆ 'ಎಲ್ಲರೂ ಇವರ ಅಂಗಡಿಗೇ ಹೋಗಿ' ಎಂದು ಉಪದೇಶ ಮಾಡಲು ನನಗೆ ಮನಸ್ಸು ಬರಲಿಲ್ಲ. ತಗಡಿನ ಡಬ್ಬಿಯ ತಾಯಿಗೆ ತಿಂಗಳಿಗೆ 180 ರೂಪಾಯಿ ಬಿಟ್ಟುಕೊಡಿ ಎಂದು ಹೇಳಲು ನಾನು ಯಾರು? ಹುಡುಗನಿಗೆ, 'ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲಪ್ಪ. ಲೆಕ್ಕ ಮಾಡಿ ನೋಡು' ಎಂದೆ.

ಅವನು ನಿಜವಾಗಿಯೂ ಮಾಡಿದ. ಮುಂದಿನ ಶನಿವಾರ ಒಂದು ಹಾಳೆ ತಂದ. ಹನ್ನೆರಡು ಸಾಮಾನು, ಎರಡು ಬೆಲೆ. ಕೂಪನ್ ಸಮೇತ ಮಳಿಗೆಯ ಘಟಕ ಬೆಲೆ ಒಂದು ಕಡೆ, ಅವರ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಬೆಲೆ ಇನ್ನೊಂದು ಕಡೆ. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ರಾಗಿ, ಬೆಲ್ಲ, ಕಡಲೆಬೀಜ ಐದರಲ್ಲಿ ಅವರ ಅಂಗಡಿಯೇ ಅಗ್ಗ. ಅವರ ತಂದೆ ಮಂಡಿಪೇಟೆಗೆ ತಾವೇ ಹೋಗಿ ಮೂಟೆಯಲ್ಲಿ ತರುತ್ತಾರೆ. ಬಣ್ಣದ ಪೊಟ್ಟಣದ ಖರ್ಚಿಲ್ಲ, ಜಾಹೀರಾತಿನ ಖರ್ಚಿಲ್ಲ. ಸೋಪು, ಪೇಸ್ಟು, ಎಣ್ಣೆ ಮೊದಲಾದ ಉಳಿದ ಏಳರಲ್ಲಿ ಮಳಿಗೆ ಅಗ್ಗ.

'ಅಪ್ಪಂಗೆ ತೋರಿಸಿದೆಯೇನೋ?'

'ತೋರಿಸ್ದೆ ಸಾರ್. ಇದನ್ನ ಅಂಗಡಿ ಮುಂದೆ ಮಾತ್ರ ಅಂಟಿಸ್ಬೇಡ, ಏಳು ಸಾಮಾನಿಗೆ ಗಿರಾಕಿ ಅಲ್ಲಿಗೇ ಹೋಗ್ತಾರೆ ಅಂದ್ರು.'

ಇಡೀ ತರಗತಿ ನಕ್ಕಿತು, ಅವನೂ ನಕ್ಕ. ಆದರೆ ಆ ಹಾಳೆಯ ಒಂದು ಪ್ರತಿಯನ್ನು ನಾನು ಕೇಳಿ ಪಡೆದುಕೊಂಡೆ. ಈಗ ಅದು ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ.

ನಮ್ಮ ಮನೆಯ ಹೊಸ ಕ್ರಮ

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಹೀಗೆ ನಡೆಯುತ್ತದೆ. ತಿಂಗಳ ಕೊನೆಯ ದಿನ ಡಬ್ಬಗಳನ್ನು ತೆರೆದು ನೋಡಿ ಪಟ್ಟಿ ಬರೆಯುವುದು ಮಗಳ ಕೆಲಸ. ಪಟ್ಟಿ ಮುಗಿಯುವವರೆಗೆ ಕೂಪನ್ ಮುಟ್ಟುವಂತಿಲ್ಲ. ಪಟ್ಟಿಯಲ್ಲಿರುವ ಸಾಮಾನಿಗೆ ಕೂಪನ್ ಇದ್ದರೆ ಘಟಕ ಬೆಲೆ ನೋಡಿ ಬಳಸುತ್ತೇವೆ, ಇಲ್ಲದಿದ್ದರೆ ಆ ಕೂಪನ್ ರದ್ದಿಗೆ. '1,500 ರೂಪಾಯಿ ಖರೀದಿಗೆ 100 ಕಡಿತ' ಎಂಬ ಜಾತಿಯದಾದರೆ ಇನ್ನೂ ಎಚ್ಚರ. ನಮಗೆ ಬೇಕಾದದ್ದು 1,180 ರೂಪಾಯಿಯದಾಗಿದ್ದು, 100ರ ಆಸೆಗೆ ಇನ್ನೂ 320 ರೂಪಾಯಿಯ ಮಾಲು ತುಂಬಿದರೆ ಕೊಡುವುದು 1,400. ಮುಂದಿನ ತಿಂಗಳು ಹೇಗೂ ಬೇಕಾಗುವ ಸೋಪು ತುಂಬಿದರೆ 100 ರೂಪಾಯಿ ನಿಜವಾಗಿ ಉಳಿಯಿತು. ಚಿಪ್ಸು ತುಂಬಿದರೆ 220 ಕೈಬಿಟ್ಟಿತು. ಮಳಿಗೆಗೆ ಹೋಗಿ ಬರುವುದು ನಮಗೆ ಎಂಟು ಕಿಲೋಮೀಟರು. ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ಲೀಟರಿಗೆ 45 ಕಿಲೋಮೀಟರು ಓಡುವ ಸ್ಕೂಟರಿಗೆ ಸುಮಾರು 18 ರೂಪಾಯಿ. ಹತ್ತು ರೂಪಾಯಿ ಕೂಪನ್ ಒಂದಕ್ಕಾಗಿ ಹೋದರೆ ಎಂಟು ರೂಪಾಯಿ ದಂಡ.

ಹುಣಸೆಹಣ್ಣು, ಮೆಣಸಿನಕಾಯಿ, ರಾಗಿ, ಬೆಲ್ಲ, ಕಡಲೆಬೀಜ ನಮ್ಮ ಬೀದಿಯ ಅಂಗಡಿಯಿಂದ. ಅಲ್ಲಿ ಕೂಪನ್ ಇಲ್ಲ ನಿಜ. ಆದರೆ ತೂಗಿದ ಮೇಲೆ ಒಂದು ಹಿಡಿ ಕಡಲೆಬೀಜ ಮೇಲೆ ಹಾಕುತ್ತಾರೆ. ಅದಕ್ಕೆ ನಮ್ಮ ಹಿರಿಯರು 'ಕೊಸರು' ಎನ್ನುತ್ತಿದ್ದರು. ಕತ್ತರಿಯಿಲ್ಲದೆ ಸಿಗುವ ಕೂಪನ್! ಎಣ್ಣೆಯೂ ಅಲ್ಲಿಂದಲೇ ತರುತ್ತೇವೆ. ಲೀಟರಿಗೆ ನಾಲ್ಕೈದು ರೂಪಾಯಿ ಹೆಚ್ಚು ಬೀಳುತ್ತದೆ. ಅದು ಲೆಕ್ಕ ತಪ್ಪಿ ಆದದ್ದಲ್ಲ, ಲೆಕ್ಕ ಮಾಡಿಯೇ ಕೊಡುವುದು.

ಆಗಸ್ಟ್ ತಿಂಗಳ ದಿನಸಿ ಒಟ್ಟು 4,930 ರೂಪಾಯಿ ಆಯಿತು. 5,200ರಲ್ಲಿ 270 ಉಳಿಯಿತು. ಬಿಲ್ಲಿನ ಕೊನೆಯ ಸಾಲಿನಲ್ಲಿ 742ರಷ್ಟು ದೊಡ್ಡ ಅಂಕಿಯೇನೂ ಇರಲಿಲ್ಲ. ಆದರೆ ಮನೆಗೆ ಬಂದ ತಕ್ಷಣ ಶ್ರೀಮತಿ ಪರ್ಸಿನಿಂದ 270 ರೂಪಾಯಿ ಎಣಿಸಿ ಮಗಳ ಕೈಗಿಟ್ಟಳು. ಈ ಸಲ ಅವಳು ಏನನ್ನೂ ಕೇಳಲಿಲ್ಲ.

ಒಂದು ಮಾತು ಸೇರಿಸಿಬಿಡುತ್ತೇನೆ. 'ಉಚಿತ' ಎಂದು ಹೇಳಿ ಅದರ ಬೆಲೆಯನ್ನು ಇನ್ನೊಂದರ ಬೆಲೆಯೊಳಗೆ ಸೇರಿಸಿ ವಸೂಲು ಮಾಡುವುದು, ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದು ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 1986ರ ಕಾಯಿದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2019ರ ಕಾಯಿದೆಯಲ್ಲೂ ಇದೆ. ಅವಧಿ ಮುಗಿಯದ ಕೂಪನ್ನನ್ನು ಕಾರಣವಿಲ್ಲದೆ ನಿರಾಕರಿಸಿದರೆ, ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದರೆ 1915 ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ಲು ಮಾತ್ರ ಎಸೆಯಬೇಡಿ.

ವಿದ್ಯಾರ್ಥಿ ಮಿತ್ರರೇ, ಈ ವಾರದ ಮನೆಗೆಲಸ ಇಷ್ಟೆ. ನಿಮ್ಮ ಮನೆಯ ಕೊನೆಯ ಎರಡು ತಿಂಗಳ ದಿನಸಿ ಚೀಟಿಗಳನ್ನು ಅಮ್ಮನ ಹತ್ತಿರ ಕೇಳಿ ಪಡೆಯಿರಿ. ಹತ್ತು ಸಾಮಾನು ಆರಿಸಿ, ಗ್ರಾಂಗೆ ಎಷ್ಟು ಬಿತ್ತು ಎಂದು ಭಾಗಿಸಿ. ಅದೇ ಹತ್ತರ ಬೆಲೆ ನಿಮ್ಮ ಬೀದಿಯ ಅಂಗಡಿಯಲ್ಲಿ ಎಷ್ಟು ಎಂದು ವಿನಯದಿಂದ ವಿಚಾರಿಸಿ ಪಕ್ಕದಲ್ಲಿ ಬರೆಯಿರಿ. ಪೋಷಕರೇ, ಮಕ್ಕಳು ಹಾಳೆ ತಂದು ತೋರಿಸಿದಾಗ 'ನಿನಗ್ಯಾಕೆ ಈ ಉಸಾಬರಿ, ಹೋಗಿ ಓದಿಕೋ' ಎನ್ನಬೇಡಿ. ಒಂದು ಖಾಲಿ ತಗಡಿನ ಡಬ್ಬಿ ಹುಡುಕಿ ಕೊಡಿ.